ಊಜಿ ನೊಣಕ್ಕೊಂದು ಒಡಂಬಡಿಕೆ

ಕಳೆದ ವಾರ ಪರೀಕ್ಷೆಯ ಮೇಲ್ವಿಚಾರಣೆಗೆಂದು ಶ್ರೀನಿವಾಸಪುರಕ್ಕೆ ಹೋಗಿದ್ದೆ. ಬಸ್ ಇಳಿದು ನಡೆಯುವಾಗ ಒಂದು ಗೊಬ್ಬರದ ಅಂಗಡಿಯ ಮುಂದೆ ಲವಂಗದ ವಾಸನೆ ಮೂಗಿಗೆ ಬಡಿಯಿತು. ಅಡುಗೆಮನೆಯ ಲವಂಗವಲ್ಲ, ಸ್ವಲ್ಪ ಔಷಧಿ ಬೆರೆತ, ಗಂಟಲಿಗೆ ಇಳಿಯುವ ವಾಸನೆ. ಅಂಗಡಿಯವನು ಹಳದಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳನ್ನು ಹಗ್ಗಕ್ಕೆ ಪೋಣಿಸಿ ತೂಗುಹಾಕಿದ್ದ. ಮಾವಿನ ಮರಕ್ಕೆ ಕಟ್ಟುವ ಮೋಹಕ ಬಲೆಗಳು ಅವು. ಒಳಗಿಟ್ಟ ಮರದ ಬಿಲ್ಲೆಯ ವಾಸನೆಗೆ ಗಂಡು ನೊಣಗಳು ಮರುಳಾಗಿ ಬಂದು ಬಿದ್ದು ಸಾಯುತ್ತವೆ. ನೊಣಕ್ಕೆ ಮರುಳು ಹಿಡಿಸುವ ಆ ವಾಸನೆ ನನಗೆ ಮಾತ್ರ ಸಿಟ್ಟು ಹಿಡಿಸುತ್ತದೆ. ಅಂಗಡಿಯ ಮುಂದೆ ನಿಂತು ಒಂದಿಡೀ ವರ್ಷವನ್ನು ಮನಸ್ಸಿನಲ್ಲೇ ಬೈದುಕೊಂಡೆ.

ಆರೇಳು ವರ್ಷದ ಹಿಂದಿನ ಮಾತು. ದಸರಾ ಕಳೆದ ಮೇಲೆ ನನ್ನನ್ನು ಒಂದು ವರ್ಷದ ಮಟ್ಟಿಗೆ ಶ್ರೀನಿವಾಸಪುರ ತಾಲ್ಲೂಕಿನ ಒಂದು ಕಾಲೇಜಿಗೆ ನಿಯೋಜನೆ ಮಾಡಿದರು. ರಾಜ್ಯಶಾಸ್ತ್ರದ ಮೇಷ್ಟರು ಅಲ್ಲಿ ಯಾರೂ ಇರಲಿಲ್ಲವಂತೆ. ನನ್ನ ಊರು ಮುಳಬಾಗಿಲು. ತಾತ ಶಾನುಭೋಗರು, ಅಪ್ಪ ಲೆಕ್ಕಪತ್ರದ ಗುಮಾಸ್ತರು. ಬರೆದಿಡದ ಮಾತಿಗೆ ನಮ್ಮ ಮನೆಯಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ. ಹೆಂಡತಿ ಹಾಲು ತರಲು ಹೇಳಿದರೂ ಚೀಟಿಯಲ್ಲಿ ಬರೆದುಕೊಡು ಎನ್ನುವ ಮನುಷ್ಯ ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಡೆದ ಅನಾಹುತಕ್ಕೆಲ್ಲ ಈ ಗುಣವೇ ಕಾರಣ.

ನನಗೆ ಸಿಕ್ಕ ಪತ್ರಿಕೆ ಅಂತರರಾಷ್ಟ್ರೀಯ ಸಂಬಂಧಗಳು. ಅದರಲ್ಲಿ ಒಂದು ಅಧ್ಯಾಯವಿತ್ತು: ದೇಶದೇಶಗಳ ನಡುವೆ ನಡೆದುಕೊಳ್ಳಬೇಕಾದ ರೀತಿನೀತಿಗಳನ್ನು ಆಯಾ ಪ್ರದೇಶದ ಒಕ್ಕೂಟಗಳು ಹೇಗೆ ತಮಗೆ ಒಗ್ಗಿಸಿಕೊಂಡು ಸುತ್ತಮುತ್ತ ಹರಡುತ್ತವೆ ಎನ್ನುವುದು. ದೊಡ್ಡ ರಾಜಧಾನಿಗಳಲ್ಲಿ ಹುಟ್ಟಿದ ನಿಯಮವನ್ನು ಆಗ್ನೇಯ ಏಷ್ಯಾದ ದೇಶಗಳು ಹಾಗೇ ನುಂಗಲಿಲ್ಲ. ಮತ ಹಾಕಿ ಸೋಲಿಸುವುದು ಬೇಡ, ಎಲ್ಲರೂ ಒಪ್ಪುವವರೆಗೆ ಮಾತಾಡೋಣ ಎಂದು ತಮ್ಮ ಊರಿನ ಹಳೆಯ ಪದ್ಧತಿಗೆ ಕಸಿ ಕಟ್ಟಿದವು. ಆಫ್ರಿಕಾದ ದೇಶಗಳು ಮೊದಲು ಒಬ್ಬರ ಮನೆ ವಿಷಯಕ್ಕೆ ಇನ್ನೊಬ್ಬರು ಕೈ ಹಾಕಬಾರದು ಎಂದವು, ಆಮೇಲೆ ಪಕ್ಕದ ಮನೆಗೆ ಬೆಂಕಿ ಬಿದ್ದಾಗ ಸುಮ್ಮನಿರಲೂಬಾರದು ಎಂದು ತಿದ್ದಿಕೊಂಡವು. ಇದನ್ನೆಲ್ಲ ನಾನು ಹುರುಪಿನಿಂದ ಹೇಳುತ್ತಿದ್ದೆ. ಎದುರಿಗೆ ಕೂತ ನಲವತ್ತು ಮಕ್ಕಳು ನೋಟ್ಸ್ ಹೇಳಿ ಸಾರ್ ಎನ್ನುತ್ತಿದ್ದರು. ಅರ್ಧ ಮಕ್ಕಳ ಮನೆಮಾತು ತೆಲುಗು. ನಾನು ಕನ್ನಡದಲ್ಲಿ ಹೇಳಿದ್ದನ್ನು ತೆಲುಗಿನಲ್ಲಿ ಪಿಸುಗುಟ್ಟಿ ಪಕ್ಕದವರಿಗೆ ದಾಟಿಸುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು.

ಮುಂದಿನ ಬೆಂಚಿನ ಭಾಗ್ಯ ಮಾತ್ರ ಬೇರೆ ಥರದ ತಲೆನೋವು. ರಾಯಲ್ಪಾಡಿನ ಆಚೆಯ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯ ಹುಡುಗಿ. ಕೈ ಎತ್ತದೆ ಪ್ರಶ್ನೆ ಕೇಳುವ ಅಭ್ಯಾಸ. ಒಂದು ದಿನ, ಆ ದೇಶಗಳೆಲ್ಲ ಬರೆದುಕೊಂಡಂತೆ ನಡೆದುಕೊಳ್ಳುತ್ತವೆಯಾ ಸಾರ್ ಎಂದು ಕೇಳಿದಳು. ನಡೆದುಕೊಳ್ಳಲೇಬೇಕು, ಅದಕ್ಕೇ ಬರೆಯುವುದು ಎಂದೆ. ಅದೇ ವಾರ ಸಂಜೆ ಸ್ಟಾಫ್ ರೂಮಿಗೆ ಒಬ್ಬ ಹಿರಿಯರನ್ನು ಕರೆದುಕೊಂಡು ಬಂದಳು. ಅವರ ಊರಿನ ಚೌಡಪ್ಪನವರು. ಹಿಪ್ಪುನೇರಳೆ, ರೇಷ್ಮೆ ಹುಳು, ಜೊತೆಗೆ ಮೂರು ಎಕರೆ ಮಾವು. ಭುಜದ ಮೇಲಿನ ಟವೆಲ್ಲನ್ನು ಸರಿಪಡಿಸಿಕೊಂಡು ಬಂದ ವಿಷಯ ಹೇಳಿದರು.

ಗಡಿಯ ಆರು ಹಳ್ಳಿಗಳ ಮಾವು ಬೆಳೆಗಾರರು ಸೇರಿ ಒಂದು ಕೂಟ ಕಟ್ಟಿಕೊಂಡಿದ್ದರು. ನಾಲ್ಕು ಹಳ್ಳಿ ನಮ್ಮ ಕಡೆಯವು, ಎರಡು ಆಂಧ್ರದವು. ಶತ್ರು ಹಣ್ಣಿನ ನೊಣ. ರೇಷ್ಮೆಯ ಸೀಮೆಯಾದ್ದರಿಂದ ಹುಳುವನ್ನು ಕಾಡುವ ಊಜಿಯ ಹೆಸರನ್ನೇ ಮಾವಿನ ನೊಣಕ್ಕೂ ಇಟ್ಟಿದ್ದಾರೆ. ಅದು ಬಲಿತ ಕಾಯಿಯ ಸಿಪ್ಪೆಗೆ ಚುಚ್ಚಿ ಮೊಟ್ಟೆ ಇಡುತ್ತದೆ. ಹೊರಗೆ ಬಂಗಾರದಂಥ ಕಾಯಿ, ಕೊಯ್ದರೆ ಒಳಗೆಲ್ಲ ಬಿಳಿ ಹುಳ. ಬಲೆಯನ್ನು ಎಲ್ಲ ತೋಟಗಳಲ್ಲೂ ಒಂದೇ ವಾರ ಕಟ್ಟಬೇಕು, ಉದುರಿದ ಕಾಯಿಯನ್ನು ದಿನಾ ಆಯ್ದು ಗುಂಡಿಯಲ್ಲಿ ಹೂಳಬೇಕು. ಒಬ್ಬ ಬಿಟ್ಟರೂ ಅವನ ತೋಟದಲ್ಲಿ ಹುಟ್ಟಿದ ನೊಣ ಉಳಿದವರ ತೋಟ ತಿನ್ನುತ್ತದೆ. ಎರಡು ವರ್ಷದಿಂದ ಮಾತಾಡಿ ಮಾತಾಡಿ ಸಾಕಾಗಿತ್ತಂತೆ.

“ನೀವು ದೇಶ ದೇಶ ಒಪ್ಪಂದ ಮಾಡ್ಕೊಳ್ಳೋದು ಪಾಠ ಮಾಡ್ತೀರಂತೆ. ಆರು ಹಳ್ಳಿಗೊಂದು ಬರ್ಕೊಡಿ ಸಾರ್,” ಎಂದರು ಚೌಡಪ್ಪ.

ನಾನು ಉಬ್ಬಿಹೋದೆ. ಹದಿನೆಂಟು ವರ್ಷದ ನೌಕರಿಯಲ್ಲಿ ನನ್ನ ವಿಷಯ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಒಪ್ಪಿಕೊಳ್ಳುವ ಮುಂಚೆ ಒಂದು ಭಾನುವಾರ ತೋಟಗಳನ್ನು ನೋಡಲು ಹೋದೆ. ಆಗಲೇ ಭಾಗ್ಯಳ ತಾಯಿ ರತ್ನಮ್ಮನನ್ನು ಕಂಡದ್ದು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಗಂಡ ಟೊಮೆಟೊ ಲಾರಿಯ ಡ್ರೈವರ್, ವಾರಕ್ಕೊಮ್ಮೆ ಮನೆ ಕಂಡರೆ ಹೆಚ್ಚು. ಅವಳ ಪಾಲಿಗೆ ಇದ್ದದ್ದು ಮೂವತ್ತೆರಡು ಮರ, ಬಹುಪಾಲು ತೋತಾಪುರಿ, ನಾಲ್ಕೈದು ನೀಲಂ. ಅತ್ತೆ ನೆಟ್ಟದ್ದು, ಸೊಸೆ ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದು. ಎರಡು ಸೀಸನ್ನು ಮಂಡಿಯವನು ಒಂದು ಕಾಯಿ ಕೊಯ್ದು ನೋಡಿ, ಟೆಂಪೋದಿಂದ ಇಳಿಸುವುದಕ್ಕೂ ಬಿಡದೆ ವಾಪಸ್ಸು ಕಳಿಸಿದ್ದ. ಈ ಸಲವೂ ಹುಳ ಬಂದರೆ ಮರ ತೆಗೆಸಿ ಟೊಮೆಟೊ ಹಾಕುವುದೆಂದು ಗಂಡ ತೀರ್ಮಾನ ಮಾಡಿ, ಗರಗಸದವನಿಗೂ ಹೇಳಿಬಿಟ್ಟಿದ್ದ. ರತ್ನಮ್ಮ ಇದನ್ನು ಅಳುತ್ತಾ ಹೇಳಲಿಲ್ಲ. ಒಂದೊಂದು ಮರದ ಹತ್ತಿರ ನಿಂತು, ಇದು ವರ್ಷ ಬಿಟ್ಟು ವರ್ಷ ಕಾಯಿ ಬಿಡುತ್ತದೆ, ಇದಕ್ಕೆ ಸಿಡಿಲು ಬಡಿದು ಮತ್ತೆ ಚಿಗುರಿತು ಎಂದು ಪರಿಚಯ ಮಾಡಿಸಿದಳು. ಮೂವತ್ತೆರಡು ಮರದ ಪರಿಚಯ ಮುಗಿಯುವಷ್ಟರಲ್ಲಿ ನನಗೆ ಬಿಸಿಲಿಗೆ ತಲೆ ಸುತ್ತಿತ್ತು.

ಅವಳ ತೋಟದ ಪೂರ್ವಕ್ಕೆ ಒಂದು ಸಣ್ಣ ಹಳ್ಳ. ಹಳ್ಳದ ಆಚೆ ಆಂಧ್ರ. ಆಚೆ ದಡದಲ್ಲಿ ಕೃಷ್ಣಾರೆಡ್ಡಿಯವರ ನಲವತ್ತು ಎಕರೆ ತೋಟ.

ಮನೆಗೆ ಹೋಗಿ ಮೂರು ವಾರ ಕೂತು ಒಡಂಬಡಿಕೆ ಬರೆದೆ. ಹನ್ನೊಂದು ಕಲಂ. ಸಣ್ಣ ಹಳ್ಳಿ ದೊಡ್ಡ ಹಳ್ಳಿ ಎನ್ನದೆ ಎಲ್ಲರೂ ಸಮಾನರು, ಅಧ್ಯಕ್ಷತೆ ಸರದಿಯಂತೆ, ತೀರ್ಮಾನ ಸರ್ವಾನುಮತದಿಂದ, ಕೂಟದಲ್ಲಿ ಹಳೆಯ ಬದುವಿನ ಜಗಳ ಎತ್ತುವಂತಿಲ್ಲ. ನಾಲ್ಕನೇ ಕಲಂ ನನಗೆ ಬಹಳ ಮೆಚ್ಚಿಗೆಯಾದದ್ದು: “ಸದಸ್ಯರು ಮತ್ತೊಬ್ಬ ಸದಸ್ಯರ ತೋಟವನ್ನು ಅನುಮತಿಯಿಲ್ಲದೆ ಪ್ರವೇಶಿಸತಕ್ಕದ್ದಲ್ಲ, ತೋಟದ ಆಂತರಿಕ ವಿಷಯದಲ್ಲಿ ಹಸ್ತಕ್ಷೇಪ ಮಾಡತಕ್ಕದ್ದಲ್ಲ.” ಬಲೆ ಕಟ್ಟುವ ವಾರ ಯಾವುದೆಂದು ಸಭೆಯಲ್ಲಿ ಚರ್ಚಿಸಿ ತುಂಬಿಕೊಳ್ಳಲು ಐದನೇ ಕಲಮಿನಲ್ಲಿ ಜಾಗ ಬಿಟ್ಟಿದ್ದೆ. ಹೆಂಡತಿ ಓದಿ ನೋಡಿ, ನೊಣದ ಹೆಸರು ಒಂದೇ ಸಲ ಬಂದಿದೆಯಲ್ಲ ಎಂದಳು. ಅವಳಿಗೆ ಇವೆಲ್ಲ ಅರ್ಥವಾಗುವುದಿಲ್ಲ ಎಂದುಕೊಂಡೆ.

ಯುಗಾದಿ ಕಳೆದ ಮೇಲೆ ಚೌಡಪ್ಪನವರ ಹುಳುಮನೆಯಲ್ಲಿ ಸಭೆ. ಬೆಳೆ ಇಳಿದು ತಟ್ಟೆಗಳೆಲ್ಲ ಖಾಲಿಯಾಗಿದ್ದರಿಂದ ರೇಷ್ಮೆ ಹುಳುವಿನ ಮನೆಯಲ್ಲಿ ಮನುಷ್ಯರಿಗೆ ಜಾಗವಾಗಿತ್ತು. ಸಮಾನತೆಗೆ ಭಂಗ ಬರಬಾರದೆಂದು ಆರು ಹಳ್ಳಿಗಳ ಹೆಸರನ್ನು ಅಕಾರಾದಿಯಾಗಿ ರಟ್ಟಿನ ಮೇಲೆ ಬರೆದು ಕುರ್ಚಿಗಳ ಮುಂದೆ ಇಟ್ಟಿದ್ದೆ. ಬಂದವರು ರಟ್ಟುಗಳನ್ನು ತೆಗೆದು ಬೀಸಿಕೊಳ್ಳುತ್ತಾ ತಮಗೆ ಬೇಕಾದಲ್ಲಿ ಕೂತರು. ಬೀಗರು ಬೀಗರ ಪಕ್ಕ ಕೂರುವಂತಿಲ್ಲ, ಭಾವನ ಎದುರು ಭಾಮೈದ ಕುರ್ಚಿಯಲ್ಲಿ ಕೂರುವಂತಿಲ್ಲ. ಗಡಿಯ ಆ ಕಡೆ ಈ ಕಡೆ ಹೆಣ್ಣು ಕೊಟ್ಟು ತಂದವರೇ ಎಲ್ಲ. ಇಬ್ಬರು ನೆಲದ ಮೇಲೆ ಕೂತುಬಿಟ್ಟರು. ನನ್ನ ಅಕಾರಾದಿ ಐದೇ ನಿಮಿಷದಲ್ಲಿ ಮಣ್ಣುಪಾಲಾಯಿತು.

ಅಷ್ಟರಲ್ಲಿ ಕಾಫಿಗಿಟ್ಟ ಹಾಲು ಒಡೆಯಿತೆಂದು ಸುದ್ದಿ ಬಂತು. ಚೌಡಪ್ಪ ಒಳಗೆ ಓಡಿದರು. ಬಂದವರು ಬೆವರು ಒರೆಸಿಕೊಳ್ಳುತ್ತಾ ಬಾಗಿಲ ಕಡೆ ನೋಡತೊಡಗಿದರು. ಮೂಲೆಯಲ್ಲಿ ಬಟ್ಟೆ ಮುಚ್ಚಿದ ತಟ್ಟೆಯಲ್ಲಿ ಎಲೆ ಅಡಿಕೆ ಕಂಡಿತು. ಸುಮ್ಮನೆ ಕೂರುವ ಬದಲು ಇದನ್ನಾದರೂ ಹಾಕಿಕೊಂಡಿರಲಿ ಎಂದು ತಟ್ಟೆ ಎತ್ತಿಕೊಂಡು ಒಬ್ಬೊಬ್ಬರ ಮುಂದೆಯೂ ಹಿಡಿದೆ. ಯಾರೂ ಬೇಡ ಎನ್ನಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊಂಚ ಆಶ್ಚರ್ಯದಿಂದಲೇ ತೆಗೆದುಕೊಂಡರು. ಕೃಷ್ಣಾರೆಡ್ಡಿಯವರಂತೂ ಎರಡು ಎಲೆ ಆರಿಸಿ ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡರು. ಆಮೇಲೆ ಎಲ್ಲರೂ ಎದ್ದು ನಿಂತು ಪಂಚೆ ಕೊಡವಿಕೊಂಡರು. ರುಜು ಎಲ್ಲಿ ಹಾಕಬೇಕು ಎಂದು ಕೇಳಿದರು. ಓದಿಲ್ಲವಲ್ಲ ಎಂದೆ. ತಾಂಬೂಲ ತೆಗೆದುಕೊಂಡಾಯಿತಲ್ಲ ಎಂದರು.

ಚೌಡಪ್ಪ ಕಾಫಿ ತಂಬಿಗೆ ಹಿಡಿದು ಬರುವಾಗ ಕೊನೆಯವರು ರುಜು ಹಾಕಿ ಚಪ್ಪಲಿ ಹುಡುಕುತ್ತಿದ್ದರು. ಅವರು ಖಾಲಿ ತಟ್ಟೆ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರು. “ಸಾರ್, ಎಲೆ ಅಡಿಕೆ ಎತ್ತಿದ್ ಮೇಲೆ ಮಾತಿಲ್ಲ. ಯಾವಾನು ಒಪ್ಪಲ್ಲವೋ ಅವ್ನು ತಟ್ಟೇಲೇ ಬಿಟ್ ಹೋಗ್ತಾನೆ. ಎಲ್ರೂ ಮಾತಾಡಿ ಮುಗಿಸಿದ್ ಮೇಲೆ ಹಿಡಿಯೋದು ಅದು.”

ನಮ್ಮ ಮುಳಬಾಗಿಲಿನ ಮನೆಯಲ್ಲಿ ಎಲೆ ಅಡಿಕೆ ಬಂದವರಿಗೆಲ್ಲ ಕೊಡುವ ಮರ್ಯಾದೆ. ಇವರಲ್ಲಿ ಅದು ಸರ್ವಾನುಮತ. ತರಗತಿಯಲ್ಲಿ ಅಷ್ಟೆಲ್ಲ ಕೊರೆದ ನನಗೆ, ಈ ಆರು ಹಳ್ಳಿಗೆ ಒಂದು ಹಳೆಯ ಪದ್ಧತಿ ಇರಬಹುದು, ಕೇಳಿಕೊಳ್ಳಬೇಕು ಎಂದು ಹೊಳೆದಿರಲಿಲ್ಲ. ಹನ್ನೊಂದು ಕಲಮುಗಳಿಗೂ ಆರು ಹಳ್ಳಿಯ ರುಜು ಬಿತ್ತು. ಐದನೇ ಕಲಮಿನ ಖಾಲಿ ಜಾಗ ಖಾಲಿಯಾಗಿಯೇ ಉಳಿಯಿತು. ಬಲೆ ಯಾವಾಗ ಕಟ್ಟಬೇಕೆನ್ನುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ತೀರ್ಮಾನವಾಗಿತ್ತು.

ಮತ್ತೆ ಸಭೆ ಕರೆಯೋಣ ಎಂದರೆ, ತಾಂಬೂಲ ಆದ ಮಾತಿಗೆ ಕಾಯಿ ಇಳಿಯುವ ಮುಂಚೆ ಎರಡನೇ ಸಭೆ ಕರೆಯುವುದು ಅಪಶಕುನವಂತೆ. ವಾಟ್ಸಾಪ್ ಗುಂಪೊಂದು ಮಾಡಿ ವಾರ ಗೊತ್ತುಮಾಡಲು ನೋಡಿದೆ. ನಾನು ಮೇ ಮೊದಲ ವಾರ ಆಗಬಹುದೇ ಎಂದು ಕೇಳಿದರೆ ಮೂವತ್ತು ಜನ ಶುಭೋದಯದ ಹೂವು ಕಳಿಸುತ್ತಿದ್ದರು. ಒಂದು ಹಳ್ಳಿಯವರು ಏಪ್ರಿಲ್‌ನಲ್ಲೇ ಕಟ್ಟಿದರು, ಇನ್ನೊಂದರವರು ಪಂಚಾಂಗ ನೋಡಿಸಿ ಕಟ್ಟಿದರು, ಮತ್ತೊಂದರವರು ಬಲೆಗಳನ್ನು ತಂದು ಹಟ್ಟಿಯಲ್ಲಿಟ್ಟು ಮರೆತರು. ಕೃಷ್ಣಾರೆಡ್ಡಿಯವರು ಕಟ್ಟಲೇ ಇಲ್ಲ. ಅವರು ತೋಟವನ್ನು ಹೂವಿನಲ್ಲೇ ಗುತ್ತಿಗೆಗೆ ಕೊಟ್ಟುಬಿಟ್ಟಿದ್ದರು. ಗುತ್ತಿಗೆಯವನು ಮರದ ಮೇಲಿನ ಕಾಯಿಗೆ ಮಾತ್ರ ಒಡೆಯ, ನೆಲದ ಮೇಲಿನ ಕಾಯಿ ಕೊಳೆತರೆ ಅವನಿಗೇನು.

ಅವರ ಮನೆಗೆ ಹೋಗಿ ಮಾತಾಡಿದೆ. ಬೆಳ್ಳಿ ಲೋಟದಲ್ಲಿ ಕಾಫಿ ಕೊಟ್ಟರು, ನಮ್ಮ ತಾತನ ಹೆಸರು ಕೇಳಿ ಕೈ ಮುಗಿದರು. ಬಲೆಯ ಮಾತು ಎತ್ತಿದಾಗ “ಚೂದ್ದಾಂ ಸಾರ್” ಎಂದರು. ನೋಡೋಣ ಎಂದು ಅರ್ಥ. ಆಗುವುದಿಲ್ಲ ಎನ್ನುವುದು ಭಾವಾರ್ಥ. ಉದುರಿದ ಕಾಯಿಯನ್ನು ಕೂಟದವರೇ ಬಂದು ಆಯ್ದುಕೊಂಡು ಹೋಗಲಿ ಎಂದಾಗ ನಗುನಗುತ್ತಲೇ, ನಾಲ್ಕನೇ ಕಲಂ ನೀವೇ ತಾನೇ ಬರೆದದ್ದು ಎಂದು ತೆಲುಗಿನಲ್ಲಿ ಕೇಳಿದರು. ಆ ಹನ್ನೊಂದರಲ್ಲಿ ಯಾರಾದರೂ ಓದಿದ್ದ ಕಲಂ ಅದೊಂದೇ.

ಜೂನ್ ಮೊದಲ ವಾರ ರತ್ನಮ್ಮ ಕಾಲೇಜಿಗೇ ಬಂದಳು. ಕೈಯಲ್ಲಿ ಒಡಂಬಡಿಕೆಯ ಜೆರಾಕ್ಸ್ ಪ್ರತಿ. ರೆಡ್ಡಿಯವರ ತೋಟದ ಅಂಚಿನಲ್ಲಿ ಕಾಯಿ ಉದುರಿ ಕೊಳೆಯುತ್ತಿದೆ, ನೊಣ ಮುಸುರುತ್ತಿದೆ, ಹಳ್ಳ ದಾಟಿದರೆ ತನ್ನ ಮರ ಎಂದಳು. ನಾಲ್ಕನೆಯದನ್ನು ಯಾಕೆ ಬರೆದಿರಿ ಎಂದು ನೇರವಾಗಿ ಕೇಳಿದಳು. ಬಲವಂತರಿಂದ ಸಣ್ಣವರನ್ನು ಕಾಪಾಡಲಿಕ್ಕೆ ಇದು ಲೋಕವೆಲ್ಲ ಒಪ್ಪಿದ ನಿಯಮ, ದೊಡ್ಡ ದೇಶ ಸಣ್ಣ ದೇಶದೊಳಗೆ ನುಗ್ಗಬಾರದಲ್ಲ ಎಂದು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ನನ್ ತೋಟಕ್ಕೆ ರೆಡ್ಡಿಯವ್ರು ಯಾವತ್ತೂ ಬಂದಿಲ್ಲ ಸಾರ್. ಬರೋದು ಅವ್ರ ನೊಣ.”

ತಿದ್ದುಪಡಿ ತರೋಣ, ಆರೂ ಹಳ್ಳಿ ಒಪ್ಪಬೇಕು, ಎರಡು ತಿಂಗಳು ಹಿಡಿಯಬಹುದು ಎಂದೆ. ಎರಡು ತಿಂಗಳಿಗೆ ಗರಗಸದವನು ಬರುತ್ತಾನೆ ಎಂದು ಹೇಳಿ ಎದ್ದು ಹೋದಳು. ನಾನು ಬರೆದ ಸಾಲು ಒಂದು ತೋಟಕ್ಕೆ ಬೇಲಿಯಾಗಿ ಇನ್ನೊಂದು ತೋಟಕ್ಕೆ ಗರಗಸವಾಗುತ್ತಿದೆಯಲ್ಲ ಎಂದು ಆ ರಾತ್ರಿ ನಾಲ್ಕನೇ ಕಲಮನ್ನು ಮತ್ತೆ ಮತ್ತೆ ಓದಿದೆ.

ಆಮೇಲೊಂದು ಸಂಜೆ ಜೋರು ಗಾಳಿ, ನಾಲ್ಕು ಹನಿ ಮಳೆ. ಮಾರನೆಯ ದಿನ ರತ್ನಮ್ಮ ಇನ್ನೂ ನಾಲ್ವರು ಹೆಂಗಸರನ್ನು ಕಟ್ಟಿಕೊಂಡು ಹಳ್ಳ ದಾಟಿ ರೆಡ್ಡಿಯವರ ತೋಟಕ್ಕೆ ಇಳಿದಳಂತೆ. ಭಾಗ್ಯ ಇದನ್ನು ತರಗತಿಯಲ್ಲಿ ಗುಟ್ಟಾಗಿ ಹೇಳಿ, ಅಮ್ಮ ನಾಳೆಯೂ ಹೋಗುತ್ತಾಳಂತೆ ಸಾರ್ ಎಂದಳು. ರೆಡ್ಡಿಯವರು ಪೊಲೀಸರ ಹತ್ತಿರ ಹೋದರೆ ಒಡಂಬಡಿಕೆಯ ರುಜುವೇ ಇವಳ ಮೇಲೆ ಸಾಕ್ಷಿ. ಆಕೆಯನ್ನು ತಡೆಯಬೇಕೆಂದು ಮರುದಿನ ಮೊದಲ ಬಸ್ಸನ್ನೇ ಹತ್ತಿದೆ.

ನಾನು ಹಳ್ಳದ ಹತ್ತಿರ ಹೋಗುವಷ್ಟರಲ್ಲಿ ಬಿಸಿಲು ಏರಿತ್ತು. ಐವರು ಹೆಂಗಸರು ಆಚೆ ದಡದಲ್ಲಿ ಬಗ್ಗಿ ಕಾಯಿ ಆಯುತ್ತಿದ್ದರು. ಕೊಳೆತದ್ದು, ತೂತು ಬಿದ್ದದ್ದು, ಒಂದನ್ನೂ ಬಿಡುತ್ತಿರಲಿಲ್ಲ. ಗುತ್ತಿಗೆಯವನ ಕಾವಲುಗಾರ ಕೋಲು ಹಿಡಿದು ನಿಂತಿದ್ದ, ಆದರೆ ಕೋಲು ಎತ್ತಿರಲಿಲ್ಲ. ಆ ಸೀಮೆಯಲ್ಲಿ ಒಂದು ಪದ್ಧತಿಯಿದೆ: ಗಾಳಿ ಬೀಸಿದ ಮರುದಿನ ಉದುರಿದ ಕಾಯಿಯನ್ನು ಯಾರ ತೋಟದಲ್ಲಾದರೂ ಯಾರು ಬೇಕಾದರೂ ಆಯಬಹುದು. ಉಪ್ಪಿನಕಾಯಿಗೆ, ಸಾರಿಗೆ. ಬುಟ್ಟಿ ಹಿಡಿದು ಬಂದ ಹೆಂಗಸನ್ನು ಆ ದಿನ ತೋಟದಿಂದ ಓಡಿಸಿದರೆ ಮುಂದಿನ ವರ್ಷ ಮರ ಹೂ ಬಿಡುವುದಿಲ್ಲವೆಂದು ಎರಡು ರಾಜ್ಯದವರೂ ನಂಬುತ್ತಾರೆ. ತೊಂದರೆ ಏನೆಂದರೆ ಗಾಳಿ ಬಂದದ್ದು ಮೊನ್ನೆ. ನಿನ್ನೆ ಸಂಜೆ ಒಂದು ಎಲೆಯೂ ಅಲುಗಿರಲಿಲ್ಲ.

ಕಾವಲುಗಾರನಿಗೂ ಅದೇ ಅನುಮಾನ. “ನಿನ್ನೆ ಗಾಳಿ ಎಲ್ಲಮ್ಮ ಬಂತು?” ಎಂದ.

ರತ್ನಮ್ಮ ಸೊಂಟ ನೆಟ್ಟಗೆ ಮಾಡಿ ಅವನನ್ನೇ ನೋಡಿದಳು. “ನಮ್ ಕಡೆ ಬಂತಪ್ಪ.”

ಹಳ್ಳದ ಅಗಲ ಹತ್ತು ಮಾರು. ಕಾವಲುಗಾರ ಆಕಾಶ ನೋಡಿದ, ಮರ ನೋಡಿದ, ಈ ದಡದಲ್ಲಿ ಪ್ಯಾಂಟು ಮಡಚಿ ನಿಂತಿದ್ದ ನನ್ನನ್ನು ನೋಡಿದ. ನಾನು ಕೂಗಿ ತಡೆಯಲು ಬಂದವನು. ನನ್ನ ಬಾಯಿಂದ ಬಂದದ್ದು, ಹೌದು, ಈ ಕಡೆ ಬಂದಿತ್ತು ಎನ್ನುವ ಮಾತು. ಅವನು ಬೀಡಿ ಹಚ್ಚಿಕೊಂಡು ತೋಟದ ಇನ್ನೊಂದು ಮೂಲೆಗೆ ಹೋದ.

ಆಯ್ದ ಕಾಯಿಗಳನ್ನು ಹೊತ್ತು ತಂದು ರತ್ನಮ್ಮನ ತೋಟದಲ್ಲಿ ತೋಡಿದ್ದ ಗುಂಡಿಗೆ ಸುರಿದು ಮಣ್ಣು ಮುಚ್ಚಿದರು. ಹೋಗುವಾಗಲೂ ಬುಟ್ಟಿಗಳು ಖಾಲಿ ಇರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಬಟ್ಟೆಯಡಿ ಬಲೆಯ ಡಬ್ಬಿಗಳು ಹೋಗುತ್ತಿದ್ದವು. ರೆಡ್ಡಿಯವರ ಮರಗಳ ಒಳಗಿನ ಕೊಂಬೆಗಳಲ್ಲಿ ಒಂದೊಂದಾಗಿ ಕಟ್ಟಿ ಬರುತ್ತಿದ್ದರು. ಇಷ್ಟೆಲ್ಲ ಮಾಡಿಯೂ ರತ್ನಮ್ಮನಿಗೆ ನನ್ನ ಮೇಲೆ ಗೌರವ ಕಡಿಮೆಯಾಗಿರಲಿಲ್ಲ. ನಾಲ್ಕನೇ ಕಲಂ ಮುರಿಯಲಿಲ್ಲವಲ್ಲ ಸಾರ್, ಕಾಯಿ ಆಯುವುದು ಹಸ್ತಕ್ಷೇಪ ಹೇಗಾಗುತ್ತದೆ ಎಂದು ನನಗೇ ಸಮಾಧಾನ ಹೇಳಿದಳು.

ಆ ಜೂನ್ ತಿಂಗಳಲ್ಲಿ ಗಡಿಯ ಮೇಲೆ ದಿನಾ ಗಾಳಿ. ಒಂದು ಹಳ್ಳಿಯ ಹೆಂಗಸರನ್ನು ನೋಡಿ ಇನ್ನೊಂದು ಹಳ್ಳಿಯವರು ಬುಟ್ಟಿ ಎತ್ತಿಕೊಂಡರು. ತವರಿಗೆ ಹೋದ ಸೊಸೆಯರು ಸುದ್ದಿ ಒಯ್ದರು. ನನ್ನ ಶುಭೋದಯದ ಗುಂಪಿನ ಪಕ್ಕದಲ್ಲೇ ಹೆಂಗಸರದ್ದು ಇನ್ನೊಂದು ಗುಂಪು ಹುಟ್ಟಿತ್ತಂತೆ. ಸಂಜೆ ಯಾರಾದರೂ ‘ನಾಳೆ ಗಾಳಿ’ ಎಂದು ಹಾಕಿದರೆ ಮುಗಿಯಿತು, ಯಾರ ತೋಟ ಎಂದು ಎಲ್ಲರಿಗೂ ಗೊತ್ತು. ಕೂಟದ ಹೆಸರನ್ನೇ ಕೇಳಿರದ ಹಳ್ಳಿಗಳಲ್ಲೂ ಗಾಳಿ ಬೀಸತೊಡಗಿತು. ರೆಡ್ಡಿಯವರ ಕಿರಿಯ ಸೊಸೆಯೂ ಒಂದು ದಿನ ಬುಟ್ಟಿ ಹಿಡಿದು ಬಂದಿದ್ದಳಂತೆ, ತಮ್ಮದೇ ತೋಟಕ್ಕೆ. ಆರು ಹಳ್ಳಿಯ ಗಂಡಸರು ಇದನ್ನೆಲ್ಲ ಕಾಣದವರಂತೆ ಓಡಾಡುತ್ತಿದ್ದರು. ಮೂರು ವಾರ ಕೂತು ಬರೆದ ನನ್ನ ಹನ್ನೊಂದು ಕಲಮುಗಳ ಕಡೆ ಯಾರೂ ತಿರುಗಿ ನೋಡಲಿಲ್ಲ. ಸಂತೋಷಪಡಬೇಕಾದವನು ನಾನು ಮೈ ಪರಚಿಕೊಳ್ಳುತ್ತಿದ್ದೆ.

ಆ ಸಿಟ್ಟನ್ನು ಎಲ್ಲಿ ತೀರಿಸಿಕೊಂಡೆ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಜುಲೈನ ಕಿರುಪರೀಕ್ಷೆಯಲ್ಲಿ, ಹೊರಗಿನ ನಿಯಮವನ್ನು ಒಂದು ಪ್ರದೇಶದವರು ತಮ್ಮ ಪದ್ಧತಿಗೆ ಒಗ್ಗಿಸಿಕೊಳ್ಳುವ ಬಗೆಯನ್ನು ಉದಾಹರಣೆಯೊಂದಿಗೆ ವಿವರಿಸಿ ಎಂದು ಹತ್ತು ಅಂಕದ ಪ್ರಶ್ನೆ ಕೊಟ್ಟಿದ್ದೆ. ಮೂವತ್ತೊಂಬತ್ತು ಮಕ್ಕಳು ನನ್ನ ನೋಟ್ಸನ್ನು ಗಿಳಿಪಾಠ ಒಪ್ಪಿಸಿದ್ದರು. ಭಾಗ್ಯ ಹಳ್ಳದ ಎರಡು ದಡದ ಕಥೆ ಬರೆದಿದ್ದಳು. ಒಳಗೆ ಬರಬಾರದೆಂಬ ನಿಯಮ ಹೊರಗಿನಿಂದ ಬಂತು, ಊರಿನಲ್ಲಿ ಅದಕ್ಕಿಂತ ಹಳೆಯ ಗಾಳಿಯ ನಿಯಮ ಇತ್ತು, ಹೆಂಗಸರು ಒಂದನ್ನು ಮುರಿಯದೆ ಇನ್ನೊಂದನ್ನು ಉದ್ದ ಮಾಡಿಕೊಂಡರು ಎಂದು. ನಾನು ಕೆಂಪು ಪೆನ್ನಿನಲ್ಲಿ ‘ಪಠ್ಯದ ಉದಾಹರಣೆ ಕೊಡಿ’ ಎಂದು ಬರೆದು ಆರು ಅಂಕ ಕೊಟ್ಟೆ. ಅವಳು ಪತ್ರಿಕೆ ಮಡಚಿಟ್ಟುಕೊಂಡಳು, ಕಾರಣ ಕೇಳಲಿಲ್ಲ. ಕೈ ಎತ್ತದೆ ಪ್ರಶ್ನೆ ಕೇಳುವ ಹುಡುಗಿ ಆಮೇಲೆ ನನ್ನ ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಕಾಯಿ ಇಳಿಸಿದ ದಿನ ನಾನೂ ಟೆಂಪೋದ ಹಿಂದೆ ಮಂಡಿಗೆ ಹೋದೆ. ರತ್ನಮ್ಮನ ಗಂಡ ಅಂದು ರಜೆ ಹಾಕಿ ಬಂದಿದ್ದ. ಮಂಡಿಯವನು ಮೊದಲನೆಯ ಕಾಯಿ ಕೊಯ್ದ, ಹುಳ ಇಲ್ಲ. ಎರಡನೆಯದು, ಇಲ್ಲ. ಹಿಂದಿನ ವರ್ಷದ ನೆನಪಿನಿಂದಲೋ ಏನೋ ನಂಬದೆ ಹತ್ತು ಕಾಯಿ ಕೊಯ್ದ. ಒಂದರಲ್ಲಿ ಮಾತ್ರ ಹುಳವಿತ್ತು. ಚಾಕು ಒರೆಸಿಕೊಂಡು ಇಳಿಸಿಕೊಳ್ಳಿ ಎಂದ. ರತ್ನಮ್ಮ ತಾನೇ ಟೆಂಪೋ ಹತ್ತಿ ಕಾಯಿ ಇಳಿಸತೊಡಗಿದಳು. ಗಂಡ ಗಡ್ಡ ಕೆರೆದುಕೊಂಡು, ಇನ್ನೊಂದು ವರ್ಷ ನೋಡೋಣ ಎಂದ. ಅಂದರೆ ಮರಗಳಿಗೆ ಸಿಕ್ಕದ್ದು ಒಂದು ವರ್ಷದ ವಾಯಿದೆ. ಮುಂದಿನ ಜೂನಿನಲ್ಲೂ ಹಳ್ಳದ ಆಚೆಯವರು ಹೀಗೇ ಸುಮ್ಮನಿದ್ದರೆ ಮಾತ್ರ ಅವು ಉಳಿಯುತ್ತವೆ.

ಅದನ್ನು ಗಟ್ಟಿ ಮಾಡಿಯೇ ಹೋಗಬೇಕೆಂದು ನಾನು ಹಟ ತೊಟ್ಟೆ. ನಿಯೋಜನೆ ಮುಗಿಯಲು ಎರಡು ತಿಂಗಳಿತ್ತು. ನಾಲ್ಕನೇ ಕಲಮಿಗೆ ತಿದ್ದುಪಡಿ ಬರೆದೆ: ಉದುರಿದ ಕಾಯಿಯನ್ನು ಆಯುವ ಹಕ್ಕು ಗಾಳಿ ಬಂದರೂ ಬಾರದಿದ್ದರೂ ಎಲ್ಲ ಸದಸ್ಯರಿಗೂ ಇರತಕ್ಕದ್ದು. ಆಫ್ರಿಕಾದವರು ಮಾಡಿಕೊಂಡ ತಿದ್ದುಪಡಿಗಿಂತ ಇದು ಚೆನ್ನಾಗಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಆಗಸ್ಟಿನಲ್ಲಿ ಮತ್ತೆ ಹುಳುಮನೆಯಲ್ಲಿ ಸಭೆ. ಈ ಸಲ ಹೆಂಗಸರೂ ಬಂದು ಹಿಂದೆ ಚಾಪೆಯ ಮೇಲೆ ಕೂತಿದ್ದರು.

ಸಭೆ ಶುರುವಾಗುವ ಮೊದಲು ರತ್ನಮ್ಮ ನನ್ನನ್ನು ಹೊರಗೆ ಕರೆದು, ಕೈಯಲ್ಲಿರುವ ಕಾಗದ ಏನು ಎಂದು ಕೇಳಿದಳು. ಹೆಮ್ಮೆಯಿಂದ ಓದಿ ಹೇಳಿದೆ. ಅವಳ ಮುಖ ಕಪ್ಪಿಟ್ಟಿತು.

“ಅದನ್ನ ಓದ್ಬೇಡಿ ಸಾರ್. ಬರೆದ್ರೆ ಆಯಪ್ಪ ಒಪ್ಬೇಕು. ಒಪ್ಪು ಅಂದ್ರೆ ಚೂದ್ದಾಂ ಅಂತಾನೆ. ಬರೀದೆ ಇದ್ರೆ ಆಯಪ್ಪ ಒಪ್ಪೋದೇನೂ ಬೇಡ, ನೋಡ್ದಂಗಿದ್ರೆ ಸಾಕು.”

ಬರೆಯದಿದ್ದರೆ ನಾಳೆ ಏನು ಆಧಾರ ಎಂದು ವಾದಿಸಿದೆ. ಬರೆದದ್ದಕ್ಕೆ ಇಲ್ಲಿಯವರೆಗೆ ಏನು ಆಧಾರ ಸಿಕ್ಕಿತು ಎಂದಳು. ನಾನು ರೇಗಿದೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿಯವನು ನಾನು. ಕಡೆಗೆ ಕಾಗದ ಮಡಚಿ ಜೇಬಿ‌ಗೆ ಹಾಕಿಕೊಂಡು ಒಳಗೆ ಬಂದು, ನಡಾವಳಿ ಪುಸ್ತಕ ತೆರೆದು ಪೆನ್ನು ಹಿಡಿದು ಕೂತೆ.

ಮೊದಲು ಮಾತಿಗೆ ಎದ್ದವರು ಕೃಷ್ಣಾರೆಡ್ಡಿಯವರು. ಈ ಸೀಸನ್ನು ತಮ್ಮ ತೋಟದಷ್ಟು ಶುದ್ಧವಾದ ತೋಟ ಗಡಿಯಲ್ಲೇ ಇರಲಿಲ್ಲ ಎಂದರು. ಗುತ್ತಿಗೆಯವನೇ ಬಂದು ಹೊಗಳಿದನಂತೆ. ನೆಲದ ಮೇಲೆ ಒಂದು ಕಾಯಿ ಕೊಳೆಯಲು ತಾವು ಬಿಡಲಿಲ್ಲವಂತೆ, ಬಲೆಗಳಂತೂ ಕೊಂಬೆಕೊಂಬೆಗೆ ಇದ್ದವಂತೆ. ಕೂಟ ಇದನ್ನು ಗಮನಿಸಬೇಕು ಎಂದು ಮೀಸೆಯ ಮೇಲೆ ಕೈ ಆಡಿಸಿದರು. ಇನ್ನೇನು ಎದ್ದು ನಿಲ್ಲುವವನಿದ್ದೆ. ಅಷ್ಟರಲ್ಲಿ ಹಿಂದಿನ ಚಾಪೆಯಿಂದ ರತ್ನಮ್ಮನ ಧ್ವನಿ ಬಂತು. ರೆಡ್ಡಿಯವರು ಹೇಳಿದ್ದು ನಿಜ, ಅವರ ತೋಟ ನೋಡಿಯೇ ನಾವೆಲ್ಲ ಕಲಿತದ್ದು, ಮುಂದಿನ ವರ್ಷಕ್ಕೆ ಅವರೇ ಅಧ್ಯಕ್ಷರಾಗಲಿ ಎಂದಳು. ಚಾಪೆಯ ಮೇಲಿನ ಹೆಂಗಸರೆಲ್ಲ ಹೌದು ಹೌದು ಎಂದರು. ಅವರ ಕಿರಿಯ ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸರದಿಯಂತೆ ಅಧ್ಯಕ್ಷತೆ ಬೇರೆ ಹಳ್ಳಿಗೆ ಸಲ್ಲಬೇಕು, ಮೂರನೇ ಕಲಂ ಎಂದು ನಾನು ಗೊಣಗಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಅಧ್ಯಕ್ಷರ ತೋಟ ಗಲೀಜಾಗಿರುವಂತಿಲ್ಲ. ಅಧ್ಯಕ್ಷರಾದವರು ಬುಟ್ಟಿ ಹಿಡಿದ ಹೆಂಗಸರ ಮೇಲೆ ದೂರು ಕೊಡುವಂತಿಲ್ಲ. ಇದು ರೆಡ್ಡಿಯವರಿಗೆ ಅರ್ಥವಾಗುವ ಮೊದಲೇ ಹಾರ ಅವರ ಕೊರಳಲ್ಲಿತ್ತು. ನನಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು.

ಚೌಡಪ್ಪ ನಡಾವಳಿ ಬರೆದುಕೊಳ್ಳಿ ಸಾರ್ ಎಂದರು. ನಾನು ಪೆನ್ನು ಎತ್ತಿ ರತ್ನಮ್ಮನ ಕಡೆ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಬೇಡಿಕೊಳ್ಳುವ ನೋಟವಲ್ಲ, ಬರೆಯುತ್ತೀರೋ ಇಲ್ಲವೋ ಎನ್ನುವ ನೋಟ. ಶಾನುಭೋಗರ ಮೊಮ್ಮಗನಾದ ನಾನು ಆ ದಿನ ನನ್ನ ದುಂಡು ಅಕ್ಷರದಲ್ಲಿ, ಒಂದು ಚಿತ್ತೂ ಇಲ್ಲದೆ ಬರೆದೆ: “ಶ್ರೀ ಕೃಷ್ಣಾರೆಡ್ಡಿಯವರ ಮಾರ್ಗದರ್ಶನ ಹಾಗೂ ಮೇಲ್ಪಂಕ್ತಿಯಿಂದಾಗಿ ಈ ಸಾಲಿನಲ್ಲಿ ನೊಣದ ಹಾವಳಿ ಹತೋಟಿಗೆ ಬಂದಿರುತ್ತದೆ.”

ಕಳೆದ ವಾರ ಪರೀಕ್ಷೆಯ ಕೆಲಸ ಮುಗಿಸಿ, ರಾಯಲ್ಪಾಡಿನ ಬಸ್ ಹತ್ತಿ ಅಲ್ಲಿಯವರೆಗೂ ಹೋಗಿ ಬಂದೆ. ಚೌಡಪ್ಪನವರ ಮನೆಯಲ್ಲಿ ನಡಾವಳಿ ಪುಸ್ತಕ ಇನ್ನೂ ಇದೆ. ರೆಡ್ಡಿಯವರೇ ಈಗಲೂ ಅಧ್ಯಕ್ಷರು. ಪ್ರತಿ ವರ್ಷ ಅದೇ ವಾಕ್ಯವನ್ನು ಯಾರೋ ಒಬ್ಬರು ನನ್ನ ಪುಟ ನೋಡಿಕೊಂಡು ನಕಲು ಮಾಡಿದ್ದಾರೆ. ಮೊದಲಿನಿಂದ ಕೊನೆಯವರೆಗೆ ಹುಡುಕಿದೆ, ರತ್ನಮ್ಮನ ಹೆಸರು ಎಲ್ಲೂ ಇಲ್ಲ. ತೋಟಕ್ಕೆ ಹೋಗಿ ಎಣಿಸಿದೆ. ಮೂವತ್ತೆರಡೂ ಇವೆ.